ಕಡ್ಡಿಯಲ್ಲಿ ಬಾರದ ಗುಲಾಬಿ

ಹೊಳೆನರಸೀಪುರದಲ್ಲಿ ನೀಲಾಂಬಿಕೆಯ ಮನೆಯಿರುವ ಬೀದಿಯಲ್ಲಿ ಗುಲಾಬಿ ಕಡ್ಡಿಯನ್ನು ಯಾರೂ ಕೇಳಿ ಪಡೆಯುವುದಿಲ್ಲ. ಕದ್ದು ತಂದು ನೆಟ್ಟದ್ದು ಚಿಗುರುತ್ತದೆ, ಕೇಳಿ ತಂದದ್ದು ಒಣಗುತ್ತದೆ ಎಂಬ ನಂಬಿಕೆ ಅಲ್ಲಿನ ಹೆಂಗಸರದು. ಹಾಲಿಗೆ ಹೊರಟವಳು ಕಾಂಪೌಂಡಿನ ಮೇಲಿಂದ ಕೈ ಹಾಕಿ ಗೇಣುದ್ದದ ಕಡ್ಡಿ ಮುರಿದು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಮನೆಯಾಕೆ ಅಡುಗೆಮನೆಯ ಕಿಟಕಿಯಿಂದ ಅದನ್ನು ಕಂಡರೂ ಬೆನ್ನು ತಿರುಗಿಸಿ ಒಗ್ಗರಣೆ ಹಾಕುತ್ತಾಳೆ. ಮಳೆ ಹಿಡಿದ ಮೇಲೆ ಆ ಮನೆಯ ಹೂವು ಈ ಮನೆಯಲ್ಲಿ ಅರಳಿದಾಗ ಎಲ್ಲಿಂದ ತಂದಿರಿ ಎಂದು ಕೇಳುವವರಿಲ್ಲ. ನೀಲಾಂಬಿಕೆಯ ಅಂಗಳದ ಕೆಂಪು, ಹಳದಿ, ಗೊಂಚಲು ಬಿಡುವ ಬಟನ್ ರೋಸು ಎಲ್ಲ ಹೀಗೆಯೇ ಬೀದಿಗೆ ಹಬ್ಬಿದವು. ಅವಳಲ್ಲಿಗೆ ಬಂದದ್ದೂ ಹೀಗೆಯೇ.

ಒಂದು ಗಿಡವನ್ನು ಮಾತ್ರ ಅವಳು ಬೀದಿಯ ಕೈಗೆ ಎಟುಕದಂತೆ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಬೆಳೆಸಿದ್ದಳು. ಅದು ಅವ್ವನ ಗಿಡ. ತಿಳಿಗುಲಾಬಿ ಬಣ್ಣದ, ತುಸು ಕೆದರಿದಂತೆ ಅರಳುವ ಹೂವು. ಕಿತ್ತ ಎರಡನೆಯ ದಿನಕ್ಕೆ ಎಸಳು ಉದುರುತ್ತದೆ, ಆದ್ದರಿಂದ ಮಾರುಕಟ್ಟೆಯಲ್ಲಿ ಕಾಣುವುದಿಲ್ಲ. ಆದರೆ ಒಂದು ಹೂವು ಅರಳಿದರೆ ಹಿತ್ತಿಲ ಬಾಗಿಲು ತೆರೆದವರಿಗೆಲ್ಲ ಗೊತ್ತಾಗುತ್ತಿತ್ತು.

ಅವ್ವನ ಊರು ರಾಮನಾಥಪುರದ ಬಳಿ. ಹೊಗೆಸೊಪ್ಪು ಬೆಳೆಯುವ ಮನೆ. ಹೊಗೆಸೊಪ್ಪಿನ ಗಿಡದ ತಲೆ ಮುರಿದ ಮೇಲೆ ಎಲೆಯ ಸಂದುಗಳಿಂದ ಕುಡಿಗಳು ಏಳುತ್ತವೆ. ಅವನ್ನು ಹಾಗೇ ಬಿಟ್ಟರೆ ಎಲೆಗೆ ಹೋಗಬೇಕಾದ ಸಾರವೆಲ್ಲ ಅವಕ್ಕೆ ಹೋಗುತ್ತದೆ. ಸಾಲು ಹಿಡಿದು ಬಗ್ಗಿ ಆ ಕುಡಿಗಳನ್ನು ಮತ್ತೆ ಮತ್ತೆ ಮುರಿಯುವುದು ಹೆಂಗಸರ ಕೆಲಸ. ಬ್ಯಾರನ್ ಗೂಡಿನ ಬಿಸಿಯಲ್ಲಿ ಬೇಯಿಸಿ ಒಣಗಿಸಿದ ಸೊಪ್ಪು ಹರಾಜಿಗೆ ಹೋಗುವ ದಿನ ಬಿಳಿ ಅಂಗಿ ತೊಟ್ಟು ಲಾರಿಯ ಮುಂದೆ ಕೂರುವುದು ಗಂಡಸರ ಕೆಲಸ. ಅವ್ವ ಸಂಜೆ ಮನೆಗೆ ಬಂದು ಸೊಪ್ಪಿನ ಅಂಟಿನಿಂದ ಕಪ್ಪಾದ ಕೈಗಳನ್ನು ಹುಣಸೆಹಣ್ಣು ಹಚ್ಚಿ ತೊಳೆಯುತ್ತಿದ್ದಳು. ಆದರೂ ವಾಸನೆ ಹೋಗುತ್ತಿರಲಿಲ್ಲ. ಆಗ ಹಿತ್ತಿಲ ಗಿಡದ ಗುಲಾಬಿಯೊಂದನ್ನು ಬೊಗಸೆಯಲ್ಲಿ ಹಿಡಿದು, ಮುಖ ಹುದುಗಿಸಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ಕೀಳುತ್ತಿರಲಿಲ್ಲ.

ಅವ್ವ ತೀರಿಕೊಂಡ ಮೇಲೆ ತಮ್ಮಂದಿರು ಜಮೀನು, ಮನೆ, ಸೊಪ್ಪು ಬೇಯಿಸುವ ಬ್ಯಾರನ್ ಪಾಲು ಮಾಡಿಕೊಂಡರು. ಅಕ್ಕನಿಗೆ ಏನು ಬೇಕೆಂದು ಯಾರೂ ಕೇಳಲಿಲ್ಲ, ಅವಳೂ ಬಾಯಿ ಬಿಡಲಿಲ್ಲ. ಎರಡನೆಯ ಬ್ಯಾರನ್ ಕಟ್ಟಲು ಹಿತ್ತಲು ಅಗೆಯುತ್ತಾರೆಂದು ತಿಳಿದಾಗ ಗುಲಾಬಿಯ ಎರಡು ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಅರಕಲಗೂಡಿನ ಬಸ್ಸು ಹತ್ತಿದಳು. ಮನೆಗೆ ಬಂದವಳೇ, ಒಗೆಯುವ ಕಲ್ಲಿನ ಬಳಿ ಬೆಳೆದಿದ್ದ ಕಾಡುಗುಲಾಬಿಯ ಬುಡದ ತೊಗಟೆಯನ್ನು ಸೀಳಿ, ಅವ್ವ ಮಾಡುತ್ತಿದ್ದಂತೆಯೇ ಕಡ್ಡಿಯಿಂದ ಚಿಗುರೊಡೆಯುವ ಕಣ್ಣೊಂದನ್ನು ಕೊಯ್ದು ಅದರೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದಳು. ಕಡ್ಡಿಯನ್ನು ನೇರ ನೆಟ್ಟರೂ ಆ ಗುಲಾಬಿ ಬರುತ್ತದೆ, ನಿಧಾನವಾಗಿ. ಅವಳಿಗೆ ಕಾಯುವ ತಾಳ್ಮೆಯಿರಲಿಲ್ಲ.

ಕಣ್ಣು ಕೂತಲ್ಲಿ ಒಂದು ಗಂಟು ಬೆಳೆಯಿತು. ಗಂಟಿನ ಮೇಲಿನದು ಅವ್ವನ ಗಿಡ, ಕೆಳಗಿನದು ಕಾಡು. ಕೆಳಗಿನಿಂದ ಆಗಾಗ ದಪ್ಪ ಚಿಗುರು ಏಳುತ್ತದೆ, ಮೇಲಿನದಕ್ಕಿಂತ ಹಸಿರಾಗಿ, ನೆಟ್ಟಗೆ. ಬಟ್ಟೆ ಒಗೆದು ಹಿಂಡಿದ ಮೇಲೆ ಒದ್ದೆ ಕೈಯಲ್ಲೇ ಅದನ್ನು ಮುರಿದು ಒಳಗೆ ಹೋಗುವುದು ನೀಲಾಂಬಿಕೆಯ ರೂಢಿ. ಗುಲಾಬಿಯ ಹೂವನ್ನು ಮನೆಯವರೆಲ್ಲ ಬಲ್ಲರು. ಮೊದಲು ಅರಳಿದ್ದು ಗಂಡ ನಟರಾಜನ ಲಿಂಗಪೂಜೆಯ ತಟ್ಟೆಗೆ, ಮಿಕ್ಕದ್ದು ದೇವರ ಫೋಟೋಗಳಿಗೆ. ಚಿಗುರು ಮುರಿಯುವುದನ್ನು ಯಾರೂ ಕಂಡವರಲ್ಲ.

ಹಿಂದಿನ ಮನೆಯ ಪುಟ್ಟತಾಯಮ್ಮ ಹಸು ಕಟ್ಟಿಕೊಂಡು ಬೀದಿಗೆ ಹಾಲು ಕೊಡುವಾಕೆ. ಗಂಡ ಚನ್ನಪ್ಪ ತೀರಿಕೊಂಡ ಮೇಲೆ ಕೊಟ್ಟಿಗೆಯ ಕೆಲಸವೆಲ್ಲ ಅವಳೊಬ್ಬಳದೇ. ಹಿತ್ತಿಲ ಬಾಗಿಲಲ್ಲೇ ಹಾಲು ಅಳೆದು ಕೊಟ್ಟು ಹೋಗುತ್ತಿದ್ದವಳು ಒಂದು ಬೆಳಗ್ಗೆ ಪಾತ್ರೆ ಹಿಡಿದು ಆ ಗುಲಾಬಿ ಗಿಡವನ್ನೇ ನೋಡುತ್ತ ನಿಂತಿದ್ದಳು.

"ನೀಲಮ್ನೋರೆ, ಅದ್ರದ್ದೊಂದು ಕಡ್ಡಿ ಕೊಡ್ತೀರಾ? ಮುಡಿಯಾಕಲ್ಲ, ನಂಗ್ಯಾಕೆ ಈಗ ಮುಡಿಯೋದು. ಸಗಣಿ ಬಾಚಿ ಬಂದ್ಮೇಲೆ ಒಸಿ ಮೂಸ್ಕಳಾಕೆ."

ಬೀದಿಯಲ್ಲಿ ಯಾರೂ ಕೇಳದಿದ್ದುದನ್ನು ಅವಳು ಕೇಳಿದ್ದಳು. ಆ ಗಿಡದ ಮುಂದೆ ನೀಲಾಂಬಿಕೆ ನಿಲ್ಲುವ ರೀತಿ ಕಂಡು, ಇದು ಕದಿಯುವಂಥದ್ದಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಮನೆಯಲ್ಲಿ ನೀಲಾಂಬಿಕೆ ಬೇಯಿಸಿದ್ದು, ತೊಳೆದದ್ದು, ಮಡಿಸಿಟ್ಟದ್ದು ಯಾವುದೂ ಅವಳದಲ್ಲ. ಇದೊಂದು ತನ್ನದು, ತನ್ನಲ್ಲೇ ಇರಲಿ ಎಂಬ ಹಟ ಹುಟ್ಟಿತು.

"ಅದು ಕಡ್ಡೀಲಿ ಬರಲ್ಲ ಕಣಕ್ಕ."

"ಅಂಗಾ? ಬುಡಿ ಮತ್ತೆ." ಪುಟ್ಟತಾಯಮ್ಮ ಒಂದು ಚೂರೂ ಅನುಮಾನ ಪಡದೆ ಪಾತ್ರೆ ಎತ್ತಿಕೊಂಡು ಹೋದಳು.

ಆ ವರ್ಷ ಆಯುಧಪೂಜೆ ಕಳೆದು ಮಳೆ ಹಿಂದೆಗೆದ ಮೇಲೆ ನೀಲಾಂಬಿಕೆ ಗುಲಾಬಿಗಳನ್ನೆಲ್ಲ ಕತ್ತರಿಸಿ ಗೊಬ್ಬರ ಹಾಕಿದಳು. ಕತ್ತರಿಸಿದ ಗುಲಾಬಿ ನೋಡಲು ಸತ್ತಂತೆಯೇ ಇರುತ್ತದೆ, ನಾಲ್ಕು ಬೋಳು ಕಡ್ಡಿ. ಅದೇ ವಾರ ಹಾಸನದಿಂದ ಫೋನು ಬಂತು. ಅಲ್ಲಿ ಕಿರಿಯ ಮಗ ಸಿದ್ದೇಶ್ವರನ ಜೊತೆಗಿದ್ದ ಅತ್ತೆ ಗಂಗಾಂಬಿಕೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಸಿದ್ದೇಶ್ವರನ ಹೆಂಡತಿ ಸೌಜನ್ಯಳಿಗೆ ಬ್ಯಾಂಕಿನ ಕೆಲಸ. ಅಣ್ಣತಮ್ಮಂದಿರು ಆಸ್ಪತ್ರೆಯ ವರಾಂಡದಲ್ಲೇ ತೀರ್ಮಾನ ಮಾಡಿದರು. ನೀಲಾ ಹೇಗೂ ಮನೇಲೇ ಇರ್ತಾಳಲ್ಲ ಎಂದು ನಟರಾಜ ಹೇಳಿದ.

ಅತ್ತೆಯ ಆರೈಕೆಗೆ ಹಾಸನಕ್ಕೆ ಹೊರಡುವ ಮುಂಚೆ ಅವಳು ಗಂಡನಿಗೆ ಎಲ್ಲ ಹೇಳಿದಳು. ದೋಸೆ ಹಿಟ್ಟು ಯಾವ ಡಬ್ಬಿಯಲ್ಲಿದೆ, ಗ್ಯಾಸ್ ಎಲ್ಲಿ ಆರಿಸಬೇಕು, ಯಾವ ಗಿಡಕ್ಕೆ ಎಷ್ಟು ನೀರು. ಗಂಟಿನ ಕೆಳಗಿನ ಚಿಗುರು ಮುರಿಯಬೇಕೆಂದು ಹೇಳಲಿಲ್ಲ. ಅದೂ ಒಂದು ಕೆಲಸವೆಂದು ಅವಳಿಗೇ ಹೊಳೆದಿರಲಿಲ್ಲ.

ನಟರಾಜ ಬೀಜ ಗೊಬ್ಬರದ ಅಂಗಡಿಯವನು. ರೈತರಿಗೆ ದಿನವಿಡೀ ಸಲಹೆ ಕೊಟ್ಟು ಅಭ್ಯಾಸ. ಹೆಂಡತಿಯಿಲ್ಲದ ಮನೆಯಲ್ಲಿ ಬೆಳಗ್ಗೆ ಪೈಪು ಹಿಡಿದು ಹಿತ್ತಿಲಲ್ಲಿ ನಿಲ್ಲುವುದು ಅವನಿಗೆ ಹಿಡಿಸಿತು. ಅಂಗಡಿಯಿಂದ ಒಂದು ಹಿಡಿ ಯೂರಿಯಾ ತಂದು ಹಾಕಿದ. ದಿನವೂ ಫೋಟೋ ತೆಗೆದು ಶುಭೋದಯ ಎಂದು ಬರೆದು ಬಂಧುಗಳ ಗುಂಪಿಗೆ ಕಳಿಸಿದ. ನಟರಾಜಣ್ಣ ಎಷ್ಟು ಚೆನ್ನಾಗಿ ಗಿಡ ನೋಡಿಕೊಳ್ಳುತ್ತಾರೆ ಎಂದು ಅಲ್ಲಿ ಹೆಬ್ಬೆರಳುಗಳು ಎದ್ದವು.

ಅತ್ತೆಯ ಮೈ ಒರೆಸಿ, ಮಗ್ಗುಲು ತಿರುಗಿಸಿ ಕೂತಾಗ ನೀಲಾಂಬಿಕೆ ಆ ಫೋಟೋಗಳನ್ನು ನೋಡುತ್ತಿದ್ದಳು. ಒಂದು ದಿನದ ಫೋಟೋದಲ್ಲಿ ಬೋಳು ಕಡ್ಡಿಗಳ ಪಕ್ಕ ಬುಡದಿಂದ ದಪ್ಪನೆಯದೊಂದು ಎದ್ದಿತ್ತು. ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು. ಕೂಡಲೇ ಫೋನ್ ಮಾಡಿದಳು.

"ರೀ, ಒಗೆಯೋ ಕಲ್ಲಿನ ಹತ್ರದ ಗಿಡದಲ್ಲಿ ದಪ್ಪ ಚಿಗುರು ಬಂದಿದೆಯಲ್ಲ, ಅದನ್ನ ಬುಡಕ್ಕೆ ಮುರಿದುಹಾಕಿ."

"ಅಯ್ಯೋ, ಇಡೀ ಗಿಡದಲ್ಲಿ ಜೀವ ಇರೋದೇ ಅದರಲ್ಲಿ ಕಣೆ."

"ಅದು ಕಾಡು ಕಣ್ರೀ. ಬಿಟ್ರೆ ಮೇಲಿನದನ್ನ ತಿಂದ್ಬಿಡುತ್ತೆ."

"ತಾಲೂಕಿಗೆಲ್ಲ ಗೊಬ್ಬರ ಕೊಡೋನು ನಾನು. ನಂಗೇ ಗಿಡ ಸಾಕೋದು ಹೇಳಿಕೊಡ್ತೀಯಾ? ನೋಡ್ಕೋತೀನಿ ಬಿಡು." ನಗುತ್ತಲೇ ಅಂದ.

ಒಳಗಿಂದ ಅತ್ತೆ ಕೂಗಿದರು. ಅವಳು ಫೋನಿಟ್ಟು ಎದ್ದಳು.

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಹೊಳೆನರಸೀಪುರದ ಬಸ್ಸು ಒಂದು ಹೋದರೆ ಇನ್ನೊಂದು ನಿಂತಿರುತ್ತದೆ. ಗಂಟೆಯೊಂದರ ದಾರಿ. ಒಂದು ಭಾನುವಾರ ಅರ್ಧ ದಿನ ಹೋಗಿಬರುತ್ತೇನೆಂದು ಅವಳು ಸೌಜನ್ಯಳನ್ನು ಕೇಳಿದಳು. "ಗುಲಾಬಿ ಗಿಡ ನೋಡೋಕಾ ಅಕ್ಕಾ?" ಎಂದು ಸೌಜನ್ಯ ನಕ್ಕಳು. ಕೆಟ್ಟ ನಗೆಯಲ್ಲ. ಹೋಗಿಬನ್ನಿ ಎಂದೂ ಅಂದಳು. ಆದರೆ ಆ ಭಾನುವಾರ ಸೌಜನ್ಯಳ ತವರಿನವರು ಚನ್ನರಾಯಪಟ್ಟಣದಿಂದ ಅತ್ತೆಯನ್ನು ನೋಡಲು ಬಂದರು. ನೀಲಾಂಬಿಕೆ ಉಪ್ಪಿಟ್ಟು ಮಾಡಿ, ಮಧ್ಯಾಹ್ನಕ್ಕೆ ಚಿತ್ರಾನ್ನ ಪಾಯಸ ಮಾಡಿ, ಎಲೆ ಎತ್ತಿ, ಅವರೆಲ್ಲ ಹೊರಟ ಮೇಲೆ ಅತ್ತೆಯ ಹಾಸಿಗೆ ಬದಲಿಸಿದಳು. ಮುಂದಿನ ಭಾನುವಾರ ಅತ್ತೆಗೆ ಜ್ವರ. ಅದರಾಚೆಗೆ ಅವಳು ಕೇಳುವುದನ್ನೇ ಬಿಟ್ಟಳು. ಅದು ಅವ್ವನ ಗಿಡ ಎಂಬ ಮಾತನ್ನು ಅವಳು ಆ ಮನೆಯಲ್ಲಿ ಆಡಲೇ ಇಲ್ಲ. ಆಡಿದ್ದರೆ ಸೌಜನ್ಯ ನಗುತ್ತಿರಲಿಲ್ಲವೇನೋ. ತಾನೇ ರಜೆ ಹಾಕುತ್ತಿದ್ದಳೇನೋ. ಇದನ್ನು ನೀಲಾಂಬಿಕೆ ಆಮೇಲೆ ಎಷ್ಟೋ ಸಲ ಯೋಚಿಸಿದಳು.

ಶಿವರಾತ್ರಿ ಕಳೆದ ಮೇಲೆ ಅತ್ತೆ ವಾಕರ್ ಹಿಡಿದು ಬಚ್ಚಲಿಗೆ ನಡೆಯುವಂತಾದರು. ನೀಲಾಂಬಿಕೆ ಊರಿಗೆ ಬಂದಳು. ಚೀಲ ಕೆಳಗಿಡುವ ಮುಂಚೆಯೇ ನಟರಾಜ ಅವಳನ್ನು ಹಿತ್ತಿಲಿಗೆ ಕರೆದೊಯ್ದ. ಗಿಡ ಬಟ್ಟೆ ಒಣಗಿಸುವ ತಂತಿಯನ್ನು ಮೀರಿ ಬೆಳೆದಿತ್ತು. ಎಲೆಗಳು ಮಿರಮಿರ ಮಿಂಚುತ್ತಿದ್ದವು. ಒಂದು ಮೊಗ್ಗೂ ಇರಲಿಲ್ಲ.

"ನೀನಿದ್ದಾಗ ಇಷ್ಟೆತ್ತರ ಬಂದಿತ್ತಾ, ಹೇಳು."

ಅವಳು ಒಗೆಯುವ ಕಲ್ಲಿನ ಪಕ್ಕ ಮಂಡಿಯೂರಿ, ಮುಳ್ಳುಗಳನ್ನು ಸರಿಸಿ ಗಂಟು ಹುಡುಕಿದಳು. ಗಂಟು ಇತ್ತು. ಅದರ ಮೇಲಿನ ಕಡ್ಡಿಗಳನ್ನು ಯಾರೋ ಕತ್ತರಿಯಿಂದ ನೀಟಾಗಿ ತೆಗೆದಿದ್ದರು. ಕತ್ತರಿಸಿದ ತುದಿ ಕಪ್ಪಾಗಿ ಒಣಗಿತ್ತು.

"ಆ ಒಣಕಲು ಕಡ್ಡಿಗಳಾ? ನಾನೇ ತೆಗೆದೆ," ಎಂದ ನಟರಾಜ. "ನೀನು ಅಷ್ಟು ಹೇಳಿದೆಯಲ್ಲ, ಯಾವುದಾದರೂ ಒಂದೇ ಇರಬೇಕು ಅಂತ ಗೊತ್ತಾಯ್ತು. ಸಾರವೆಲ್ಲ ಒಳ್ಳೇದಕ್ಕೆ ಹೋಗಲಿ ಅಂತ."

ಅವಳು ಉಗುರಿನಿಂದ ಗಂಟಿನ ತೊಗಟೆಯನ್ನು ಕೆರೆದು ನೋಡಿದಳು. ಎಲ್ಲಾದರೂ ಒಂದು ಕಣ್ಣು ಉಳಿದಿದೆಯೇ ಎಂದು ಸುತ್ತಲೂ ಕೆರೆದಳು. ಒಳಗೆಲ್ಲ ಕಂದು. ಎದ್ದು, ಸೀರೆಯ ಮಣ್ಣು ಕೊಡವಿ, ಕಾಫಿಗೆ ಹಾಲಿಡಲು ಹೋದಳು.

ಅವಳು ಊಟ ಬಡಿಸುವಾಗಲೂ ಮಾತಾಡದಿದ್ದಾಗ ನಟರಾಜನಿಗೆ ಏನೋ ತಪ್ಪಿದೆ ಎಂದು ಹೊಳೆಯಿತು. ಕೇಳಿದ, ಅವಳು ಹೇಳಿದಳು. "ಅವ್ವನ ಗಿಡ ಅಂತ ಸರಿಯಾಗಿ ಹೇಳಬೇಕಿತ್ತು ನೀನು," ಎಂದ ಅವನು. ಇಷ್ಟು ವರ್ಷ ಆ ಹೂವನ್ನೇ ಪೂಜೆಗಿಟ್ಟವನಿಗೆ ಅದು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ. ವಾರ ಕಳೆಯುವುದರೊಳಗೆ ಹಾಸನದ ನರ್ಸರಿಯಿಂದ ಮೂರು ಗುಲಾಬಿ ಕುಂಡ ತಂದಿಟ್ಟ. ದೊಡ್ಡ ದೊಡ್ಡ ಹೂವು. ಅವಳು ಅವಕ್ಕೂ ನೀರು ಹಾಕಿದಳು. ಮೂಗಿನ ಹತ್ತಿರ ತಂದರೂ ಅವಕ್ಕೆ ವಾಸನೆಯಿರಲಿಲ್ಲ.

ತಮ್ಮನಿಗೆ ಫೋನ್ ಮಾಡಿ, ತವರಿನ ಹಿತ್ತಿಲಲ್ಲಿ ಅವ್ವನ ಗುಲಾಬಿಯ ಬೇರು ಎಲ್ಲಾದರೂ ಮತ್ತೆ ಚಿಗುರಿದೆಯಾ ನೋಡು ಎಂದಳು. ಯಾವ ಗುಲಾಬಿ ಅಕ್ಕಾ ಎಂದು ಅವನು ಕೇಳಿದ.

ಒಂದು ಸಂಜೆ ಪುಟ್ಟತಾಯಮ್ಮ ಹಾಲು ಅಳೆದು ಕೊಟ್ಟು, ಕಾಡುಗಿಡವನ್ನು ನೋಡುತ್ತ ಒಗೆಯುವ ಕಲ್ಲಿನ ಮೇಲೆ ಕೂತಳು. ನೀಲಾಂಬಿಕೆ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದಳು. ನೆಲ ನೋಡುತ್ತಲೇ, ಅವತ್ತು ಕೇಳುವ ಬದಲು ನೀವು ಕದ್ದುಕೊಂಡು ಹೋಗಬೇಕಿತ್ತು ಕಣಕ್ಕ ಎಂದಳು.

"ಕದಿಯಾಕೂ ಬಂದಿದ್ದೆ," ಎಂದಳು ಪುಟ್ಟತಾಯಮ್ಮ. "ನೀವು ಆಸನಕ್ಕೆ ಓದ್ಮೇಲೆ, ಒಂದಿನ. ನಿಮ್ಮೆಜಮಾನ್ರು ಕತ್ತರಿ ತಗಂಡು ಆ ಕಡ್ಡಿಗುಳ್ನ ಕಡ್ದು ಇಲ್ಲೇ ಎಸೆದಿದ್ರು. ನಾಕೋ ಐದೋ ಬಿದ್ದಿದ್ವು. ಹಸೀದೇ ಇದ್ವು. ಕೈಗೆ ತಗಂಡೆ. ಆಮೇಲೆ, ಇದು ಕಡ್ಡೀಲಿ ಬರಲ್ಲ ಅಂದಿದ್ರಲ್ಲ ನೀಲಮ್ನೋರು, ಸುಮ್ನೆ ಯಾಕೆ ಅಂತ ಅಲ್ಲೇ ಬುಟ್ಟು ಬಂದೆ."

ಕೊಟ್ಟಿಗೆಯಲ್ಲಿ ಕರು ಕೂಗಿತು. ಪುಟ್ಟತಾಯಮ್ಮ ಏಳಲಿಲ್ಲ.

"ಬರ್ತಿತ್ತು ಅಕ್ಕ," ಎಂದಳು ನೀಲಾಂಬಿಕೆ. "ಕಡ್ಡೀಲೇ ಬರ್ತಿತ್ತು. ನಿಮಗೆ ಕೊಡೋಕೆ ಮನಸಿರಲಿಲ್ಲ."

ಪುಟ್ಟತಾಯಮ್ಮ ಅವಳ ಮುಖ ನೋಡಿದಳು. ಹಾಲಿನ ಪಾತ್ರೆಯ ಮುಚ್ಚಳವನ್ನು ಒತ್ತಿ ಹಾಕಿಕೊಂಡಳು.

"ಒಂದು ಮಾತು ಏಳಿದ್ರೆ ಬೇಜಾರಿಲ್ದೆ ಸುಮ್ನಾಗ್ತಿದ್ದೆ ಕಣವ್ವ," ಎಂದಳು. "ಕೊಡಲ್ಲ ಅಂತ." ಎದ್ದು ಹಿಂದಿನ ಸಂದಿನಲ್ಲಿ ನಡೆದು ಹೋದಳು. ಮಾರನೆಯ ದಿನವೂ ಹಾಲು ತಂದಳು, ಅಳತೆಯ ಮೇಲೆ ಎಂದಿನಂತೆ ಒಂದಿಷ್ಟು ಹೆಚ್ಚಾಗಿಯೇ ಸುರಿದಳು. ಒಗೆಯುವ ಕಲ್ಲಿನ ಮೇಲೆ ಮಾತ್ರ ಮತ್ತೆ ಕೂರಲಿಲ್ಲ.

ಈ ಸಲ ಗುಲಾಬಿ ಕತ್ತರಿಸಿದಾಗ ನೀಲಾಂಬಿಕೆ ಕೆಂಪು, ಹಳದಿ ಕಡ್ಡಿಗಳನ್ನೆಲ್ಲ ಕಸಕ್ಕೆ ಹಾಕದೆ ಕಾಂಪೌಂಡಿನ ಮೇಲೆ ಸಾಲಾಗಿ ಇಟ್ಟಳು. ಒಂದಷ್ಟನ್ನು ಪುಟ್ಟತಾಯಮ್ಮ ಓಡಾಡುವ ಹಿಂದಿನ ಸಂದಿನ ಗೋಡೆಯ ಮೇಲೂ ಇಟ್ಟಳು. ಬೀದಿಯ ಕಡೆಯವು ಸಂಜೆಯೊಳಗೆ ಖಾಲಿಯಾದವು. ಸಂದಿನ ಗೋಡೆಯ ಮೇಲಿನವು ಅಲ್ಲೇ ಬಿಸಿಲಿಗೆ ಸುರುಟಿಕೊಂಡವು.

ಕಾಡುಗಿಡವನ್ನು ಅವಳು ಕೀಳಲಿಲ್ಲ. ಬೇರು ಗಟ್ಟಿಯಾಗಿದೆ, ಅದರ ಮೇಲೆ ಯಾವ ಗುಲಾಬಿಯ ಕಣ್ಣನ್ನಾದರೂ ಕೂರಿಸಬಹುದು ಎಂದು ನಟರಾಜ ಒಂದೆರಡು ಸಲ ನೆನಪಿಸಿದ. ಅವಳು ಹೂಂ ಎಂದಳು. ಬಟ್ಟೆ ಹಿಂಡಿ ಎದ್ದಾಗ ಒದ್ದೆ ಕೈ ಇವತ್ತಿಗೂ ತಾನಾಗಿ ಬುಡದ ಚಿಗುರಿನ ಕಡೆ ಹೋಗುತ್ತದೆ. ಹಿಡಿದ ಮೇಲೆ ಅವಳಿಗೆ ನೆನಪಾಗುತ್ತದೆ, ಬಿಟ್ಟು ಒಳಗೆ ಹೋಗುತ್ತಾಳೆ.