ದ್ಯಾವಮ್ಮನ ದಾರಿ, ಕುಳ್ಳಯ್ಯನ ತೊಗರಿ

ನಾರಾಯಣದುರ್ಗದ ಬುಡದಲ್ಲಿರುವ ಗುಡ್ಡದಕೊಪ್ಪಲಿಗೆ ಹೋಗಿ ದ್ಯಾವಮ್ಮನನ್ನು ಗೈಡು ಎಂದು ಕರೆದು ನೋಡಿ. ಮೊದಲು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಾಳೆ. ಆಮೇಲೆ, “ನಾನು ದನ ಮೇಯ್ಸೋಳು ಕಣಪ್ಪಾ. ದನಾನೂ ನಡೀತವೆ, ನೀವೂ ನಡೀತೀರಿ. ನೋಡ್ಕಳ್ಳೋದು ಒಂದೇಯ” ಎನ್ನುತ್ತಾಳೆ. ಬ್ಯಾಂಕಿನವರು, ನಿವೃತ್ತ ಹೆಡ್‌ಮಾಸ್ತರರು, ಸರ್ಕಾರಿ ಕುರ್ಚಿಯಲ್ಲಿ ಮೂವತ್ತು ವರ್ಷ ಕುಳಿತೆದ್ದವರು ಈ ಮಾತು ಕೇಳಿ ಸಿಟ್ಟಾಗುವುದಿಲ್ಲ. ಹಸುಗಳ ಹಾಗೆಯೇ ಸಾಲಾಗಿ ಆಕೆಯ ಹಿಂದೆ ಹೊರಡುತ್ತಾರೆ.

ಐವತ್ತನಾಲ್ಕು ವರ್ಷದ ದ್ಯಾವಮ್ಮ ಕಿಕ್ಕೇರಿ ಕಡೆಯ ಹೆಣ್ಣು. ಮದುವೆಯಾಗಿ ಬಂದ ವಾರಕ್ಕೇ ಅತ್ತೆ ನಾಲ್ಕು ಹಸುಗಳ ಹಗ್ಗ ಕೈಗೆ ಕೊಟ್ಟು ಬೆಟ್ಟದ ಕಡೆ ಬೆರಳು ತೋರಿಸಿದ್ದರಂತೆ. ಅಲ್ಲಿಂದ ಮೂವತ್ತೈದು ವರ್ಷ ಆ ಬೆಟ್ಟ, ಅದರ ಹಿಂದಿನ ಕಣಿವೆ, ಕಣಿವೆಯೊಳಗಿನ ಮೂರು ಹಟ್ಟಿಗಳು ಆಕೆಯ ಕಾಲಿಗೆ ಬಾಯಿಪಾಠವಾಗಿವೆ. ಗಂಡ ಶಿವಣ್ಣ ಹಾಲು ಕರೆದು ಡೈರಿಗೆ ಹಾಕುತ್ತಾನೆ. ದಾರಿಯ ವಿಷಯ ಬಂದರೆ ಅವನೂ ಹೆಂಡತಿಯನ್ನೇ ಕೇಳುವವನು.

ನಾಲ್ಕು ವರ್ಷದ ಕೆಳಗೆ ಪಾಂಡವಪುರದ ಕಾಲೇಜಿನಲ್ಲಿ ಪಾಠ ಹೇಳುವ ಹೇಮಶ್ರೀ ಈ ಕಣಿವೆಗೆ ಬಂದು ದಾರಿ ತಪ್ಪಿದಳು. ದ್ಯಾವಮ್ಮ ಆಕೆಯನ್ನು ಮನೆಗೆ ಕರೆತಂದು ಮುದ್ದೆ ಉಣ್ಣಿಸಿ ಬಸ್ಸು ಹತ್ತಿಸಿದಳು. ಮುಂದಿನ ಭಾನುವಾರ ಹೇಮಶ್ರೀ ಆರು ಜನರನ್ನು ಕರೆದುಕೊಂಡು ಬಂದಳು. ಹಾಗೆ ಹುಟ್ಟಿದ್ದು ಭಾನುವಾರದ ‘ಸುಲಭ ನಡಿಗೆ’. ಇಲ್ಲಿ ಶಿಖರ ಹತ್ತುವ ಹಟವಿಲ್ಲ, ಬಂಡೆಯ ತುದಿಯಲ್ಲಿ ನಿಂತು ಫೋಟೋ ಹೊಡೆಸಿಕೊಳ್ಳುವ ಪೈಪೋಟಿಯಿಲ್ಲ. ಕಣಿವೆಯೊಳಗೆ ಹೋಗಬೇಕು, ಹಟ್ಟಿಯಲ್ಲಿ ಉಣ್ಣಬೇಕು, ಹಿಂದಿರುಗಬೇಕು. ಮಂಡಿ ನೋವಿನವರಿಗೆ, ಸಕ್ಕರೆ ಕಾಯಿಲೆಯವರಿಗೆ, ಉಬ್ಬಸದವರಿಗೆ ಹೇಳಿ ಮಾಡಿಸಿದ ನಡಿಗೆ.

ದ್ಯಾವಮ್ಮನ ಕಾನೂನು ಒಂದೇ. ಎಲ್ಲರಿಗಿಂತ ನಿಧಾನ ನಡೆಯುವವರು ಎಲ್ಲರಿಗಿಂತ ಮುಂದೆ, ಆಕೆಯ ಪಕ್ಕದಲ್ಲಿ ನಡೆಯಬೇಕು. ಕುಂಟುವ ಹಸುವನ್ನು ಹಿಂದೆ ಬಿಟ್ಟರೆ ಅದು ಹಿಂದೆಯೇ ಉಳಿಯುತ್ತದೆ, ಮುಂದೆ ಬಿಟ್ಟರೆ ಮಂದೆಯೇ ಅದಕ್ಕೆ ಹೊಂದಿಕೊಳ್ಳುತ್ತದೆ ಎನ್ನುವುದು ಆಕೆಯ ಅನುಭವ. ಪಕ್ಕದಲ್ಲಿರುವವರ ಉಸಿರಾಟ ಬದಲಾಯಿತೋ, ಆಕೆಗೆ ಯಾವುದೋ ಗಿಡ ತೋರಿಸಬೇಕೆನಿಸುತ್ತದೆ. ಎಲ್ಲರೂ ನಿಲ್ಲುತ್ತಾರೆ. ಸುಸ್ತಾದವರಿಗೆ ತಮಗಾಗಿ ನಿಂತರು ಎಂದು ಗೊತ್ತೇ ಆಗುವುದಿಲ್ಲ. ಇಂಥ ನಯವನ್ನು ಯಾವ ತರಬೇತಿಯವರು ಕಲಿಸುತ್ತಾರೋ ನನಗೆ ತಿಳಿಯದು.

ಹೀಗೆ ಮುಂದೆ ನಡೆಯುವವರಲ್ಲಿ ಶ್ರೀರಂಗಪಟ್ಟಣದ ಲತ ಒಬ್ಬರು. ಅರವತ್ತೆರಡು ವರ್ಷ, ಎರಡೂ ಮಂಡಿಗೆ ಆಪರೇಷನ್ ಆಗಿದೆ. ಮೊದಲ ಭಾನುವಾರ ಊರಾಚೆಯ ಹುಣಸೆಮರದವರೆಗೆ ಹೋಗಿ ಅಳುತ್ತಾ ಕುಳಿತಿದ್ದರು. ದ್ಯಾವಮ್ಮ ಅವರನ್ನು ಐದು ತಿಂಗಳಲ್ಲಿ ಎರಡನೆಯ ಹಟ್ಟಿಯವರೆಗೆ ನಡೆಸಿದ್ದಳು. “ಶಿವರಾತ್ರಿ ಒಳಗೆ ಕೊನೇ ಅಟ್ಟಿಗೆ ಮುಟ್ಟುಸ್ತೀನಿ. ನನ್ ಮಾತು” ಎಂದೂ ಹೇಳಿಬಿಟ್ಟಿದ್ದಳು.

ಆ ಮಾತಿಗೆ ಅಡ್ಡ ಬಂದದ್ದು ಕುಳ್ಳಯ್ಯನ ಹೊಲ.

ಕುಳ್ಳಯ್ಯ ಹೆಸರಿಗೆ ಮಾತ್ರ ಕುಳ್ಳ, ಆಳು ಆರಡಿ ಇದ್ದಾನೆ. ಎಪ್ಪತ್ತು ದಾಟಿದ ಒಂಟಿ ಜೀವ. ಅವನ ಎರಡೆಕರೆ ಕಣಿವೆಯ ಬಾಯಿಗೇ ಇದೆ. ಒಂದು ಕಡೆ ಆಳದ ಹಳ್ಳ, ಇನ್ನೊಂದು ಕಡೆ ನುಣುಪು ಬಂಡೆ. ಅವನ ಹೊಲದ ಬದುವಿನ ಮೇಲೆ ಹೋದರೆ ಮಕ್ಕಳೂ ನಡೆದಾರು. ಬದು ಬಿಟ್ಟರೆ ಬಂಡೆಯನ್ನು ನಾಲ್ಕು ಕಾಲಲ್ಲಿ ಹತ್ತಬೇಕು. ಲತ ಅವರಂಥವರಿಗೆ ಅದು ಆಗದ ಮಾತು.

ಸಂಕ್ರಾಂತಿ ಕಳೆದ ಭಾನುವಾರ, ಹದಿನಾಲ್ಕು ಜನ ಕಣಿವೆಯಿಂದ ವಾಪಸು ಬರುತ್ತಿದ್ದರು. ಕುಳ್ಳಯ್ಯನ ಹೊಲದಲ್ಲಿ ರಾಗಿ ಕೊಯ್ಲಾಗಿ, ನಡುವಿನ ತೊಗರಿ ಸಾಲುಗಳು ಮಾತ್ರ ತುಂಬುಗಾಯಿ ಹೊತ್ತು ನಿಂತಿದ್ದವು. ಬ್ಯಾಂಕಿನ ದೇವರಾಜು ಆಸೆಯಿಂದ ನೋಡಿದರು. ದ್ಯಾವಮ್ಮ ತಿರುಗಿ, “ತಿನ್ರಪ್ಪಾ, ಕುಳ್ಳಯ್ಯಣ್ಣ ಏನೂ ಅನ್ನಾಕಿಲ್ಲ” ಎಂದಳು. ಎಂದವಳೇ ಲತ ಅವರ ಕೈ ಹಿಡಿದು ಬದುವಿನ ಇಳಿಜಾರು ಇಳಿಸುವುದರಲ್ಲಿ ಮುಳುಗಿದಳು.

ಆ ಸೀಮೆಯಲ್ಲಿ ದಾರಿಹೋಕರು ಯಾರ ಹೊಲದ ಕಾಯಿಯನ್ನಾದರೂ ಕಿತ್ತು ನಿಂತಲ್ಲೇ ತಿನ್ನಬಹುದು. ಹೊಟ್ಟೆ ತುಂಬ ತಿಂದರೂ ತಪ್ಪಿಲ್ಲ. ಆದರೆ ಒಂದು ಕಾಯಿಯನ್ನೂ ಮಡಿಲಿಗೆ ಕಟ್ಟುವಂತಿಲ್ಲ. ತುದಿಗೆ ಬಟ್ಟೆ ಚೂರು ಕಟ್ಟಿದ ಸಾಲನ್ನಂತೂ ಮುಟ್ಟುವಂತೆಯೇ ಇಲ್ಲ. ಅದು ಮುಂದಿನ ವರ್ಷದ ಬಿತ್ತನೆಗೆ ಬಿಟ್ಟ ಬೀಜದ ಸಾಲು. ಇದನ್ನು ಅಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ನೀರು ಕುಡಿಯುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ?

ಪಟ್ಟಣದವರಿಗೆ ಕಂಡದ್ದು ಬೇರೆ. ಬುತ್ತಿ ಖಾಲಿಯಾಗಿ ಚೀಲಗಳು ಬರಿದಾಗಿದ್ದವು. ಕೆಂಪು ಬಟ್ಟೆ ಚೂರುಗಳನ್ನು ನೋಡಿ, ನಡಿಗೆಯವರಿಗೆ ದಾರಿ ಗೊತ್ತಾಗಲೆಂದೇ ಕಟ್ಟಿದ್ದಾರೆ ಎಂದು ಸಂತೋಷಪಟ್ಟರು. ಆ ಸಾಲಿನ ಕಾಯಿಗಳೇ ಚೆನ್ನಾಗಿ ಬಲಿತಿದ್ದವು. ಕಾಲು ಗಂಟೆಯಲ್ಲಿ ಸಾಲು ಬೋಳಾಗಿ ಚೀಲಗಳು ತುಂಬಿದವು. ಬಸ್ಸು ಹತ್ತುವಾಗ ಎಲ್ಲರೂ ಕಿಟಕಿಯಿಂದ ಕೈಬೀಸಿ ಥ್ಯಾಂಕ್ಸ್ ಹೇಳಿದರು.

ಸೋಮವಾರ ಬೆಳಗ್ಗೆ ಹಸು ಹೊಡೆದುಕೊಂಡು ಹೋದ ದ್ಯಾವಮ್ಮ ನೋಡಿದರೆ, ಬದುವಿನ ಬಾಯಿಗೆ ಜಾಲಿಮುಳ್ಳು ಅಡ್ಡ ಬಿದ್ದಿತ್ತು. ಅದರ ಹಿಂದೆ ಕುಳ್ಳಯ್ಯ ನಿಂತಿದ್ದ.

“ಇನ್ಮ್ಯಾಕೆ ಈ ದಾರಿ ಇಲ್ಲ ಕಣವ್ವಾ.”

“ಯಾಕಣ್ಣಾ, ಏನಾಯ್ತು?”

ಅವನು ಬೋಳು ಸಾಲನ್ನು ತೋರಿಸಿದ.

“ಕಾಯಿ ಓದ್ರೆ ಓಗ್ಲಿ. ಬೀಜ ಓಯ್ತಲ್ಲವ್ವಾ. ನಮ್ಮವ್ವನ ಕೈಯಿಂದ ಬಂದಿದ್ದು. ಕೆಂಪು ಮಚ್ಚೆ ತೊಗರಿ ಇನ್ಯಾರ್ ಮನೇಲೈತೆ ಏಳು?” ಎಂದ ಕುಳ್ಳಯ್ಯ. ಅವನು ಬೈಯಲಿಲ್ಲ. ಬೈದಿದ್ದರೆ ಆಕೆಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ವಿಷಯ ತಿಳಿದ ಹೇಮಶ್ರೀ ಫೋನಿನಲ್ಲೇ ನಷ್ಟ ಕಟ್ಟಿಕೊಡುವುದಾಗಿ ಹೇಳಿದಳು. “ದುಡ್ ಬಿತ್ತುದ್ರೆ ತೊಗರಿ ಬೆಳೀತದಾ?” ಎಂದು ಕುಳ್ಳಯ್ಯ ಫೋನನ್ನು ದ್ಯಾವಮ್ಮನ ಕೈಗೆ ವಾಪಸು ಕೊಟ್ಟ.

ಅಂದೆಲ್ಲ ದ್ಯಾವಮ್ಮ ಪಟ್ಟಣದವರಿಗೆ ಹಿಡಿಶಾಪ ಹಾಕಿದಳು. ಸಂಜೆ ಹಸು ಕಟ್ಟುವ ಹೊತ್ತಿಗೆ ಕೋಪ ಇಳಿದು, ಕಹಿ ಸತ್ಯವೊಂದು ಉಳಿಯಿತು. ತಿನ್ನಿ ಎಂದವಳು ತಾನು. ಹೇಗೆ ತಿನ್ನಬೇಕೆಂದು ಹೇಳದವಳೂ ತಾನು. ಮುಂದಿದ್ದ ಒಬ್ಬರನ್ನು ನೋಡುತ್ತಾ ಹಿಂದಿದ್ದ ಹದಿಮೂರು ಜನರನ್ನು ಮರೆತವಳೂ ತಾನೇ. ಆ ಕಾಯಿಗಳಲ್ಲಿ ಬಲಿತವು ಒಂದಿಷ್ಟು ಇನ್ನೂ ಯಾರ ಮನೆಯಲ್ಲಾದರೂ ಇದ್ದರೆ, ಒಣಗಿಸಿದರೆ ಬೀಜವಾಗುತ್ತವೆ. ಹೇಮಶ್ರೀ ಎಲ್ಲರ ಮೊಬೈಲಿಗೂ ಸುದ್ದಿ ಹಾಕುತ್ತೇನೆ ಎಂದಳು. “ಆಕವ್ವಾ. ನಾನೂ ಓಯ್ತೀನಿ. ಕಳ್ಕಂಡೋಳು ನಾನು, ಉಡುಕೋಳೂ ನಾನೇಯ” ಎಂದಳು ದ್ಯಾವಮ್ಮ.

ಮಂಗಳವಾರ ಬೆಳಗ್ಗೆ ಬಸ್ಸು ಹತ್ತಿದಳು. ಚಿರತೆಯ ಹೆಜ್ಜೆ ನೋಡಿ ಎಷ್ಟು ಹೊತ್ತಿನ ಹಿಂದೆ ಹೋಯಿತೆಂದು ಹೇಳುವ ಹೆಂಗಸು, ಪಾಂಡವಪುರದ ಬಡಾವಣೆಯಲ್ಲಿ ಒಂದೇ ಥರದ ಮನೆಗಳ ನಡುವೆ ಮೂರು ಸುತ್ತು ಹಾಕಿದಳು. ದೇವರಾಜು ಅವರ ಮನೆಯಲ್ಲಿ ಕಾಳು ಸುಲಿದು ಫ್ರೀಜರಿನಲ್ಲಿಟ್ಟಿದ್ದರು. ಆರು ತಿಂಗಳು ಕೆಡುವುದಿಲ್ಲವೆಂದು ಹೆಮ್ಮೆಯಿಂದ ತೆಗೆದು ತೋರಿಸಿದರು. ದ್ಯಾವಮ್ಮ ಜಲ್ಲಿಯಂತಾಗಿದ್ದ ಕಾಳನ್ನು ಮುಟ್ಟಿ, “ಸಾರಿಗಾಯ್ತವೆ, ಮಡಿಕ್ಕಳಿ” ಎಂದು ಎದ್ದಳು. ಇನ್ನೊಂದು ಮನೆಯವರು ಪಾಪ, ನಾಚಿಕೆಗೆ ಮಾರುಕಟ್ಟೆಯಿಂದ ಎರಡು ಕೇಜಿ ತೊಗರಿಕಾಯಿ ತಂದಿಟ್ಟಿದ್ದರು. ಒಂದನ್ನು ಬಿಡಿಸಿ ನೋಡಿದಳು. ಕಾಳಿನ ಮೇಲೆ ಮಚ್ಚೆಯಿಲ್ಲ. ಅದನ್ನೂ ಬಿಟ್ಟು ನಡೆದಳು.

ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಲತ ಕಾದು ನಿಂತಿದ್ದರು. ಹೆದ್ದಾರಿಯ ಲಾರಿಗಳನ್ನು ನೋಡಿ ದ್ಯಾವಮ್ಮನ ಕಾಲು ನೆಲಕ್ಕಂಟಿಕೊಂಡಿತು. ಲತ ಆಕೆಯ ಕೈ ಹಿಡಿದು ರಸ್ತೆ ದಾಟಿಸಿದರು. ಮನೆ ಮುಟ್ಟುವ ಹೊತ್ತಿಗೆ ಲತ ಅವರ ಕಣ್ಣಲ್ಲಿ ನೀರು.

“ಬಸ್ಸಲ್ಲಿ ನಂಗೂ ಒಂದು ಪಾಲು ಕೊಟ್ರು. ಅರ್ಧ ಸಾರು ಮಾಡ್ಬಿಟ್ಟೆ ದ್ಯಾವಮ್ಮ. ರುಚಿಯಾಗಿದೆ ಅಂತ ಎರಡೆರಡು ಸಲ ಹಾಕ್ಕೊಂಡು ತಿಂದೆ. ನಂಗೆ ಗೊತ್ತಿರ್ಲಿಲ್ಲ.”

“ಮಿಕ್ಕರ್ಧ?”

ಮಿಕ್ಕರ್ಧ ಸುಲಿಯಲಾರದಷ್ಟು ಬಲಿತಿತ್ತು. ಒಣಗಲೆಂದು ಮಹಡಿಯ ಮೇಲೆ ಹರವಿದ್ದರು. ದ್ಯಾವಮ್ಮ ಮೆಟ್ಟಿಲು ಹತ್ತಿ ನೋಡಿದಳು. ಬಿಳಿ ಪಂಚೆಯ ಮೇಲೆ ಬಿರಿಯುತ್ತಿದ್ದ ಕಾಯಿಗಳ ಒಳಗೆ ಕೆಂಪು ಮಚ್ಚೆ! ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ಒಂದೊಂದನ್ನೇ ಆರಿಸಿದಳು. ಆಮೇಲೆ ಥಟ್ಟನೆ ತಲೆಯೆತ್ತಿ, “ಇದ್ನ ಮ್ಯಾಕೆ ತಂದವ್ರು ಯಾರವ್ವಾ?” ಎಂದಳು.

“ನಾನೇ. ಆಪರೇಷನ್ ಆದ್ಮೇಲೆ ಮೊದಲನೇ ಸಲ ಹತ್ತಿದ್ದು.”

ಇಪ್ಪತ್ತೆರಡು ಮೆಟ್ಟಿಲು. ದ್ಯಾವಮ್ಮ ಕೆಲಸ ಬಿಟ್ಟು ಒಂದು ಗಳಿಗೆ ಅವರ ಮಂಡಿಯನ್ನೇ ನೋಡಿದಳು. ಎಷ್ಟು ಸಂಕಟದಲ್ಲಿದ್ದರೂ ಆಕೆಗೆ ಹೆಮ್ಮೆಯಾಯಿತು.

ಕೊನೆಯ ಮನೆ ಅರಕೆರೆಯ ನಿವೃತ್ತ ಹೆಡ್‌ಮಾಸ್ತರು ಅಂದಾನಯ್ಯನವರದು. ಅವರದು ಎಲ್ಲರಿಗಿಂತ ದೊಡ್ಡ ಅಪರಾಧ. ಕಾಯಿ ಬಿಡಿಸುವ ತಾಳ್ಮೆಯಿಲ್ಲದೆ ಎರಡು ಗಿಡಗಳನ್ನು ಬುಡಸಮೇತ ಕಿತ್ತು, ಮಡಚಿ ಚೀಲಕ್ಕೆ ತುರುಕಿ ತಂದು, ಮೊಮ್ಮಕ್ಕಳು ನೋಡಲೆಂದು ಪಡಸಾಲೆಯಲ್ಲಿ ನೇತುಹಾಕಿದ್ದರು. ಮುಖ ಎತ್ತದೆ ಅದನ್ನು ಇಳಿಸಿ ಕೊಟ್ಟರು. ತಮಾಷೆ ನೋಡಿ, ಗಿಡದಲ್ಲೇ ಒಣಗುತ್ತಿದ್ದ ಆ ಕಾಯಿಗಳಷ್ಟು ಒಳ್ಳೆಯ ಬೀಜ ಬೇರೆ ಯಾರ ಮನೆಯಲ್ಲೂ ಸಿಕ್ಕಿರಲಿಲ್ಲ.

ಮನೆಗೆ ತಂದು ನಾಲ್ಕು ದಿನ ಬಿಸಿಲಿಗೆ ಹಾಕಿ, ಬಡಿದು, ಕೇರಿದಾಗ ಒಂದೂವರೆ ಸೇರಾಯಿತು. ಆ ಭಾನುವಾರ ನಡಿಗೆ ಇರಲಿಲ್ಲ. ಆ ವಾರವೆಲ್ಲ ದ್ಯಾವಮ್ಮ ಕಣಿವೆಯ ಕಡೆ ತಲೆಹಾಕದೆ ಹಸುಗಳನ್ನು ಕೆರೆ ಬಯಲಿನಲ್ಲೇ ಮೇಯಿಸಿದಳು. ಸೋಮವಾರ ಬೀಜ ತೆಗೆದುಕೊಂಡು ಊರೊಳಗಿನ ಕುಳ್ಳಯ್ಯನ ಮನೆಗೆ ಹೋದಳು.

ಕುಳ್ಳಯ್ಯ ಬೀಜವನ್ನು ಮೊರಕ್ಕೆ ಸುರಿದುಕೊಂಡ. ಒಂದನ್ನು ಹಲ್ಲಿನಲ್ಲಿ ಕಡಿದು ನೋಡಿದ. ಜೊಳ್ಳು, ಮುರುಕು, ಹುಳು ತೂತಾದದ್ದನ್ನು ಬೇರೆ ಮಾಡುತ್ತಾ ಹೋದ. ದ್ಯಾವಮ್ಮ ಜಗಲಿಯ ಕೆಳಗೆ ನಿಂತೇ ಇದ್ದಳು.

“ಅವ್ರುದ್ದು ತಪ್ಪಿಲ್ಲ ಕಣಣ್ಣಾ. ನಾನು ಏಳ್ನಿಲ್ಲ. ತಪ್ಪಾಯ್ತು” ಎಂದಳು. ಇಡೀ ಊರಿನಲ್ಲಿ ಆಕೆ ಯಾರಿಗಾದರೂ ತಪ್ಪಾಯಿತೆಂದದ್ದನ್ನು ಕೇಳಿದವರಿಲ್ಲ.

ಕುಳ್ಳಯ್ಯ ಗಟ್ಟಿ ಬೀಜವನ್ನು ಎರಡು ಪಾಲು ಮಾಡಿದ. ಒಂದನ್ನು ಬೂದಿ ಬೆರೆಸಿ ಮಡಕೆಗೆ ಹಾಕಿದ. ಇನ್ನೊಂದನ್ನು ಹಳೆಯ ಪಂಚೆಯ ಚೂರಿನಲ್ಲಿ ಗಂಟು ಕಟ್ಟಿ ಆಕೆಯ ಮುಂದೆ ಹಿಡಿದ.

“ನನ್ನೊಬ್ಬುನ್ ಮನೇಲೇ ಮಡಿಕ್ಕಂಡಿದ್ದು ನನ್ ತಪ್ಪು. ಇದು ನಿನ್ ಮನೇಲೂ ಇರ್ಲಿ. ನಾನು ಓದ್ಮೇಲೆ ಬಿತ್ತೋರು ಬ್ಯಾಡ್ವಾ?”

ದ್ಯಾವಮ್ಮ ಗಂಟನ್ನು ತೆಗೆದುಕೊಂಡಳು. ದಾರಿಯ ಮಾತೆತ್ತಬೇಕು, ಲತ ಅವರ ಕೊನೆಯ ಹಟ್ಟಿಯ ವಿಷಯ ಹೇಳಬೇಕು ಎಂದು ಬಾಯಿ ತೆರೆದಳು.

“ಅಣ್ಣಾ, ಆ ಮುಳ್ಳು…”

“ಓಗಿ ನೋಡು ಓಗು. ನೀನು ಬಸ್ ಅತ್ತಿದ್ದೀಯ ಅಂತ ಶಿವಣ್ಣ ಅಂದ್ನಲ್ಲಾ, ಆವತ್ತೇ ತೆಗ್ದಾಕ್ಬುಟ್ಟೆ” ಎಂದು ಕುಳ್ಳಯ್ಯ ಮೊರ ಕೊಡವಿದ.

ಬಂಡೆಯಂಥ ದ್ಯಾವಮ್ಮ ಆ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಅವನ ಜಗಲಿಯ ಮೇಲೆ ಕುಸಿದು ಕುಳಿತು, ಬೀದಿಗೆಲ್ಲ ಕೇಳುವ ಹಾಗೆ ಅತ್ತಳು.