ಮೂರು ಬೆರಳು ಹೆಚ್ಚು ಬಟ್ಟೆ

ನಮ್ಮ ಬೀದಿಯ ದರ್ಜಿ ತಾತ ಯಾವ ಕೋಟು ಹೊಲಿದರೂ, ಮುಂದೆ ಬಿಚ್ಚಿ ಅಗಲ ಮಾಡಿದರೆ ಗಿರಾಕಿಯ ದಪ್ಪಗಿನ ಮಗನಿಗೂ ಆಗಲೆಂದು ಒಳಹೊಲಿಗೆಯಲ್ಲಿ ಮೂರು ಬೆರಳು ಬಟ್ಟೆಯನ್ನು ಹೆಚ್ಚಾಗಿ ಬಿಡುತ್ತಿದ್ದರು. ಅದನ್ನು ಕಲಿಸಿದವರು ಯುದ್ಧಕಾಲದ ಕೊರತೆಯನ್ನು ಕಂಡಿದ್ದ ಅವರ ಅಜ್ಜ. ಸುಭಿಕ್ಷದಲ್ಲಿ ಬೆಳೆದ ತಾತನ ಅಪ್ಪ ನಕ್ಕು ಅದನ್ನು ಕತ್ತರಿಸಿಬಿಡುತ್ತಿದ್ದರು; ಮತ್ತೆ ಬಟ್ಟೆ ಸಿಗದ ಕಾಲ ಬಂದಾಗ ಪೇಚಾಡಿದರು.

ಈಗ ಅಂಗಡಿ ಮೊಮ್ಮಗಳದು.

"ತಾತಾ, ಕೋಟಿನೊಳಗೆ ಇನ್ನೊಂದು ಕೋಟು ಬಚ್ಚಿಟ್ಟಿದ್ದೀಯಲ್ಲ!" ಎಂದು ಅವಳೂ ನಕ್ಕು ಕತ್ತರಿ ಎತ್ತಿದಳು. ಈ ಪದ್ಧತಿ ತಮ್ಮೊಂದಿಗೇ ಮುಗಿಯಿತೆಂದು ತಾತ ಸಪ್ಪಗಾದರು.

ಅಷ್ಟರಲ್ಲಿ ರೇಡಿಯೊ, ದೇಶಕ್ಕೆ ಕಷ್ಟಕಾಲ ಬರಬಹುದು, ಬಟ್ಟೆಗೂ ಕೊರತೆಯಾಗಬಹುದು ಎಂದಿತು. ಮೊಮ್ಮಗಳ ಕತ್ತರಿ ಅಲ್ಲೇ ನಿಂತಿತು.

"ಎರಡು ಬೆರಳು ಬಿಟ್ರೆ ಸಾಕಾ, ತಾತಾ?"

ತಾತನ ಮುಖ ಅರಳಿತು. "ಮೂರೇ ಬಿಡಮ್ಮ. ನಾಳೆ ನಿನ್ನ ಮಗಳಿಗೂ ನಗೋಕೆ ಏನಾದ್ರೂ ಬೇಡ್ವಾ?"