ಅರ್ಧ ಮಾರಿ ಮತ್ತು ದೊರಸಾನಿಯ ಲ್ಯಾವೆಂಡರ್

ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನೇ ಸೋರಿತು. ತುಟಿ ಒತ್ತಿ ಹಿಡಿದೆ. ನಿಲ್ಲಲಿಲ್ಲ.

"ಮುಂಜಾನೆದ್ದು ಯಾರ್ನ ಅಣಕಸಾಕ ಹತ್ತೀಯೋ?" ಅಂದಳು ಅವ್ವ. ಅವಳ ತಪ್ಪಿಲ್ಲ. ಇಳಕಲ್ಲಿನ ನಮ್ಮ ನೇಕಾರ ಓಣಿಯಲ್ಲಿ ನಾನು ಅಣಕಿಸದ ಮುಖ, ಅಣಕಿಸದ ಮಾರಿ ಉಳಿದಿರಲಿಲ್ಲ. ಕಾಕಾ ಮಗ್ಗದ ಲಾಳಿ ಬಿಟ್ಟು ನಕ್ಕ. "ಲೇ, ಭಾಳ ಚಲೋ ಸೊಟ್ಟ ಮಾಡೀದಿ. ಇನ್ನೊಮ್ಮೆ ಮಾಡು!"

ನಾನು ಏನೂ ಮಾಡುತ್ತಿರಲಿಲ್ಲ.

ಚಕ್ಕಡಿ ಕಟ್ಟಿ ಹುನಗುಂದದ ದವಾಖಾನೆಗೆ ಒಯ್ದರು. ಇಂಗ್ಲಿಷ್ ಡಾಕ್ಟರ್ ಸಾಹೇಬರು ಹುಬ್ಬು ಎತ್ತಿ, ಕೆನ್ನೆ ಉಬ್ಬಿಸಿ, ಸೀಟಿ ಹೊಡೆದು, "ನನ್ನ ಹಾಗೆ ಮಾಡು" ಅಂದರು. ಊರನ್ನೆಲ್ಲ ಅಣಕಿಸಿದವನಿಗೆ ಅವರೊಬ್ಬರನ್ನು ಅಣಕಿಸಲು ಬರಲಿಲ್ಲ.

"ಫೇಶಿಯಲ್ ಪಾಲ್ಸಿ, ಅರ್ಧ ಮುಖಕ್ಕೆ ಲಕ್ವ. ಮುಖದ ನರ ತಾನಾಗಿ ಎಚ್ಚರಗೊಳ್ಳಬೇಕು. ಕೆನ್ನೆಯನ್ನು ತಿಕ್ಕುತ್ತಿರು."

ಅವರ ದೊರಸಾನಿ ತಮ್ಮ ಅಂಗಳದ ಲ್ಯಾವೆಂಡರ್ ಸಸಿಯೊಂದನ್ನು ಕೊಟ್ಟರು. ಗೇಣುದ್ದದ ಗಿಡ್ಡ ಜಾತಿ, ಬೂದಿ ಬಣ್ಣದ ಎಲೆ. ಹೂ ಒಣಗಿಸಿ ಕೆನ್ನೆ ತಿಕ್ಕುವ ಎಣ್ಣೆಗೆ ಹಾಕಬೇಕು. "ಇದು ಔಷಧವಲ್ಲ, ವಾಸನೆಗೆ ನಿದ್ರೆ ಬರುತ್ತದೆ, ಅಷ್ಟೆ" ಅಂತ ಮೊದಲೇ ಹೇಳಿದರು.

ಅವ್ವ ಕೇಳಬೇಕಲ್ಲ? ಕುಂಡಕ್ಕೆ ಹೊಲದ ಚಲೋ ಎರೆಮಣ್ಣು ತುಂಬಿ, ತುಳಸಿಕಟ್ಟೆಗೆ ಏರಿಸಿ, ಕುಂಕುಮ ಹಚ್ಚಿ, ದಿನಾ ತುಳಸಿಗೊಂದು ತಂಬಿಗೆ, ಇದಕ್ಕೊಂದು ತಂಬಿಗೆ ನೀರು ಹಾಕಿದಳು. ನಾನು ಹಿತ್ತಲಲ್ಲಿ ಗೋಡೆಗೆ ಮಾರಿ ಮಾಡಿ ಉಣ್ಣುತ್ತಿದ್ದೆ. ಜನ ನಕ್ಕರೆ ಸಿಟ್ಟು. ಮರುಗಿದರೆ ಅದಕ್ಕಿಂತ ಹೆಚ್ಚು ನಾಚಿಕೆ. ಬೇಕಾದಾಗ ಸೊಟ್ಟ, ಸಾಕಾದಾಗ ನೆಟ್ಟಗೆ ಮಾಡಿಕೊಳ್ಳುತ್ತಿದ್ದ ಮಾರಿ ಈಗ ನನ್ನ ಮಾತು ಕೇಳುತ್ತಿರಲಿಲ್ಲ. ಜೊಲ್ಲು ಸುರಿಸುವುದನ್ನು ಅವ್ವನೂ ನೋಡಬಾರದು ಅನಿಸುತ್ತಿತ್ತು.

ಗಿಡದ ಬುಡ ಕೊಳೆಯಿತು.

"ಗಿಡಾ ಹೋದ್ರ ನಿನ್ನ ಮಾರಿ ಗತಿ ಏನೋ?" ಅವ್ವ ಅತ್ತಳು.

ಅವಳ ಸಲುವಾಗಿ, ಮಾರಿಗೆ ಮುಸುಕು ಹಾಕಿಕೊಂಡು, ಕುಂಡ ಹಿಡಿದು ಮತ್ತೆ ಚಕ್ಕಡಿ ಹತ್ತಿದೆ. ದೊರಸಾನಿ ಕುಂಡ ನೋಡಿದರು. "ಈ ಮಣ್ಣು ನೀರು ಬಿಡುವುದಿಲ್ಲ. ಕಲ್ಲುಗರಸು ಹಾಕು. ಪೂರಾ ಒಣಗಿದ ಮೇಲೆ ನೀರು." ಆಮೇಲೆ ಮೆಲ್ಲಗೆ, "ನಿಮ್ಮ ಊರವರು ಕೊಟ್ಟ ತುಳಸಿಯನ್ನು ನಾನು ನೀರು ಹಾಕದೆ ಕೊಂದೆ."

ಅರ್ಧ ಮಾರಿಯಲ್ಲೇ ನಕ್ಕುಬಿಟ್ಟೆ. ಮುಸುಕು ಜಾರಿದ್ದು ತಿಳಿಯಲೇ ಇಲ್ಲ.

ಕಟ್ಟೆಯ ಮೇಲಿದ್ದರೆ ನೀರು ಹಾಕದೆ ದಾಟಲು ಅವ್ವನ ಕೈ ಒಪ್ಪದು. ಅದಕ್ಕೇ ಕುಂಡ ಬಿಸಿಲಗೋಡೆಯ ಬುಡಕ್ಕೆ ಇಳಿಯಿತು. ಉಳಿದ ಒಂದೇ ಟೊಂಗೆ ಚಿಗುರಿ ಹೂ ಬಿಟ್ಟಿತು. ಆ ಹೂ ಒಣಗಿಸಿ ಕುಸುಬಿ ಎಣ್ಣೆಯಲ್ಲಿ ನೆನೆಹಾಕಿ ಅವ್ವ ಕೆನ್ನೆ ತಿಕ್ಕುತ್ತಾಳೆ. ಇಷ್ಟು ದಿನ ಮುಚ್ಚದೆ ಇದ್ದ ಎಡಗಣ್ಣು ಈಗ ಮುಚ್ಚುತ್ತದೆ. ಬಾಯಿ ಇನ್ನೂ ತುಸು ವಾರೆ.

ಹೋದ ವಾರ ಮಾವನ ಮಗಳ ಮದುವೆಯಲ್ಲಿ ಊಟದ ಪಂಕ್ತಿಗೆ ಕೂತೆ. ಹುಗ್ಗಿ ತುಟಿಯಿಂದ ಜಾರಿತು. ಎದುರಿನ ಬೀಗರು ಕಣ್ಣು ಬೇರೆ ಕಡೆ ಹೊರಳಿಸಿದರು. ಎದ್ದು ಓಡಬೇಕೆನಿಸಿತು. ಬಡಿಸಲು ಬಂದ ಕಾಕಾ ಸೌಟು ಹಿಡಿದು ನಿಂತ.

"ಇನ್ನೊಂದು ಹಾಕ್ಲೇನಲೇ?"

"ಎರಡು ಹಾಕು ಕಾಕಾ," ಅಂದೆ. "ಒಂದು ಸೋರತೈತಿ."